ದಡ ಹಿಡಿದ ಲಾವಂಚ

ಮೊನ್ನೆ ಕಡೂರಿನ ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬು ಕಟ್ಟಿಸಿಕೊಳ್ಳುತ್ತಿದ್ದಾಗ ಮೂಲೆಯಿಂದ ಲಾವಂಚದ ಬೇರಿನ ವಾಸನೆ ಬಂತು. ಮೊದಲ ಮಳೆಗೆ ನೆನೆದ ಮಣ್ಣಿನಂಥ ತಣ್ಣನೆಯ ವಾಸನೆ. ಅಂಗಡಿಯವನು ಕರೆದದ್ದೂ ಕೇಳಿಸಲಿಲ್ಲ... ನಾನು ಟೀಚರಮ್ಮನ ಹತ್ತಿರ ಹೋಗಿಬಿಟ್ಟಿದ್ದೆ.

ಅವರು ಘಟ್ಟದ ಕೆಳಗಿನವರು, ಹೊನ್ನಾವರದ ಕಡೆಯವರು. ಬುಕ್ಕಾಂಬುಧಿ ಕೆರೆಗೆ ನೀರು ತರುವ ಹಳ್ಳದ ದಡದಲ್ಲಿ ನಮ್ಮೂರ ಶಾಲೆ. ಅಲ್ಲಿಗೆ ಅವರೊಬ್ಬರೇ ಟೀಚರು. ನಾನು ಬಿಸಿಯೂಟ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ದಡವೋ ಬರೀ ಮರಳು. ಪ್ರತಿ ಮಳೆಗಾಲವೂ ಒಂದಿಷ್ಟು ಕುಸಿದು, ಹಳ್ಳ ಶಾಲೆಯ ಹಿಂದಿನ ಗೋಡೆಯ ಹತ್ತಿರಕ್ಕೆ ಬಂದಿತ್ತು. ಇನ್ನೊಮ್ಮೆ ಕುಸಿದರೆ ಶಾಲೆ ಮುಚ್ಚಿ ಮಕ್ಕಳನ್ನು ಪಕ್ಕದೂರಿಗೆ ಹಾಕುತ್ತೇವೆ ಎಂದು ಮೇಲಿನವರು ಹೇಳಿ ಹೋದರು. ಗಂಡುಹುಡುಗರು ಸೈಕಲ್ಲಿನಲ್ಲಿ ಹೋದಾರು. ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆಂದು ನಮಗೆಲ್ಲ ಗೊತ್ತಿತ್ತು.

ಬೇಸಿಗೆ ರಜೆಗೆ ಊರಿಗೆ ಹೋಗಿದ್ದ ಟೀಚರಮ್ಮ ವಾಪಸು ಬಂದಾಗ ಬಸ್ಸಿನಿಂದ ಒದ್ದೆ ಗೋಣಿಚೀಲ ಇಳಿಸಿದರು. ಒಳಗೆ ಲಾವಂಚದ ಬುಡಗಳು. ಅವರ ಕಡೆ ಸಮುದ್ರದ ದಂಡೆಯ ಮರಳಿನಲ್ಲೂ ಬೆಳೆಯುವ ಹುಲ್ಲಂತೆ, ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದಂತೆ.

“ಹುಲ್ಲು ನೆಟ್ರೆ ಹಳ್ಳ ಕೇಳ್ತದೇನ್ರೀ?” ಎಂದು ನನ್ನ ಅತ್ತೆ ನಕ್ಕರು.

ಟೀಚರಮ್ಮ ವಾದಕ್ಕೆ ನಿಲ್ಲಲಿಲ್ಲ. ಸೀರೆ ಎತ್ತಿ ಕಟ್ಟಿ ದಡಕ್ಕಿಳಿದರು. ಅವರೊಬ್ಬರೇ ಬಗ್ಗಿ ನೆಡುವುದನ್ನು ನೋಡಲಾಗದೆ ನಾನು ಇಳಿದೆ, ನನ್ನ ಹಿಂದೆ ಬೀದಿಯ ಹೆಂಗಸರು. ಕೊನೆಗೆ ದನ ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿದ್ದು ನನ್ನ ಅತ್ತೆಯೇ.

ಮೂರನೆಯ ವರ್ಷ ದೊಡ್ಡ ಮಳೆ. ಹಳ್ಳ ಕೆಂಪಗೆ ತುಂಬಿ ಹರಿಯಿತು. ನೀರಿಳಿದ ಮೇಲೆ ಓಡಿಹೋಗಿ ನೋಡಿದರೆ, ಹುಲ್ಲು ಮಲಗಿತ್ತು, ದಡ ಇದ್ದಲ್ಲೇ ಇತ್ತು. ಶಾಲೆ ಮುಚ್ಚುವ ಮಾತು ಮತ್ತೆ ಏಳಲಿಲ್ಲ. ಆ ವರ್ಷ ನಾವು ಹೆಂಗಸರು ಬೀದಿಯಲ್ಲಿ ನಡೆದ ಧಾಟಿಯೇ ಬೇರೆ.

ಆಮೇಲೆ ಅವರಿಗೆ ವರ್ಗವಾಯಿತು. ತವರಿನಲ್ಲಿ ಅಮ್ಮ ಕುಡಿಯುವ ನೀರಿಗೆ ಲಾವಂಚ ಹಾಕುತ್ತಿದ್ದುದನ್ನು ಬೇಸಿಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಆದರೂ ಒಂದೆಳೆ ಬೇರು ಕಿತ್ತವರಲ್ಲ. ಹೊರಡುವ ದಿನ ನಾನೇ ಗುದ್ದಲಿ ತಂದೆ. ಅವರು ಕೈ ಹಿಡಿದರು.

“ಬೇಡ ಮಾರಾಯ್ತಿ. ಅದು ಮಕ್ಕಳ ಗೋಡೆ ಹಿಡಿದು ನಿಂತಿದೆ.”

“ಒಂದು ಬುಡ ಹೋದ್ರೆ ಏನಾಯ್ತದೆ ಟೀಚರಮ್ಮ?”

“ಇವತ್ತು ನನಗೊಂದು. ನಾಳೆ ಮನೆಗೊಂದು.”

ಹಾಗೇ ಬಸ್ಸು ಹತ್ತಿದರು...

ಆ ಶಾಲೆಯಲ್ಲಿ ಕಲಿತ ನನ್ನ ಮಗಳಿಗೆ ಈ ವರ್ಷ ಲಿಂಗದಹಳ್ಳಿಯ ಕಡೆ ಟೀಚರ್ ಕೆಲಸ ಸಿಕ್ಕಿತು. ಸುದ್ದಿ ಬಂದ ಕೂಡಲೇ ಅವಳು ಮೊದಲು ಫೋನ್ ಮಾಡಿದ್ದು ಟೀಚರಮ್ಮನಿಗೆ. ಎತ್ತಿದವರು ಅವರ ತಂಗಿ. ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು, ಮಳೆ ಜೋರಾದಾಗಲೆಲ್ಲ ನಿಮ್ಮ ಶಾಲೆಯ ಮಾತೇ ಆಡುತ್ತಿದ್ದಳು ಎಂದರಂತೆ. ನಮಗೆ ಅವರ ಮುಖ ನೋಡುವ ಭಾಗ್ಯವೂ ಇರಲಿಲ್ಲ.

ಮಗಳು ಬಹಳ ಹೊತ್ತು ಅತ್ತಳು. ಸೋಮವಾರ ಬೆಳಗ್ಗೆ ಸೀರೆಯುಟ್ಟು ಕೆಲಸಕ್ಕೆ ಹೊರಟು ನಿಂತಾಗ ನನ್ನ ಎದೆ ತುಂಬಿ ಬಂತು. ಅದನ್ನು ಹೇಳಿಕೊಳ್ಳಬೇಕಾಗಿದ್ದ ಒಬ್ಬರು ಮಾತ್ರ ಇರಲಿಲ್ಲ.