ಇನ್ಶಿರಾಹ್ ಅಬ್ಲಾರ ಕರಿ ಪರದೆ

ಅಲೆಕ್ಸಾಂಡ್ರಿಯಾದ ನಮ್ಮ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಇನ್ಶಿರಾಹ್ ಅಬ್ಲಾ, ಅಂದರೆ ಇನ್ಶಿರಾಹ್ ಅಕ್ಕ, ಎರಡು ಸಲ ಗಂಡನನ್ನು ಬದಲಿಸಿದ್ದಾರೆ, ಕಂಪ್ಯೂಟರಿನ ಎಡಿಟರನ್ನು ಒಮ್ಮೆಯೂ ಇಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಕರಿ ಪರದೆ, ಬರೀ ಅಕ್ಷರ ತೋರಿಸುವ ಅದೇ ವಿಮ್ ಎಡಿಟರ್. ಮೌಸ್ ಮುಟ್ಟುವುದೇ ಇಲ್ಲ, ಅದರ ಜಾಗದಲ್ಲಿ ಸೂರ್ಯಕಾಂತಿ ಬೀಜದ ತಟ್ಟೆ.

ಈ ವರ್ಷ ಉಪಡೀನ್ ಡಾಕ್ಟರ್ ಲುತ್ಫಿ ಅವರಿಗೆ ಸುಧಾರಣೆಯ ಜ್ವರ ಬಂತು. ಎಲ್ಲರೂ ಒಂದೇ ಎಡಿಟರ್ ಬಳಸಬೇಕು, ಬಣ್ಣಬಣ್ಣದ ಹೊಸದು. ಒಗ್ಗದವರು ಸರ್ವರ್ ಬಿಟ್ಟು ಉಗ್ರಾಣಕ್ಕೆ. ಒಗ್ಗದವರು ಅಂದರೆ ಅಬ್ಲಾ ಒಬ್ಬರೇ.

"ಉಗ್ರಾಣದಲ್ಲಿ ಆರಾಮಾಗಿ ಸೀಮೆಸುಣ್ಣ ಕೊಡ್ತಾ ಕೂತಿರಿ, ಅಬ್ಲಾ."

"ಸೀಮೆಸುಣ್ಣ ನಿಂತು ಆರು ವರ್ಷ ಆಯ್ತು ಡಾಕ್ಟ್ರೇ. ಕ್ಲಾಸಿಗೆ ಬಂದಿದ್ರೆ ಗೊತ್ತಿರೋದು."

ಹೊಸ ಎಡಿಟರಿನ ಗುಣಗಾನ ಮಾಡಲು ಆಯ್ಕೆಯಾದವಳು ಕೊನೆಯ ವರ್ಷದ ವಿದ್ಯಾರ್ಥಿನಿಯಾದ ನಾನು, ಯಾಕೆಂದರೆ ನನಗೆ ಅದರ ಮೇಲೆ ಪ್ರಾಣ, ನಾನೇ ಬಾಯಿ ಬಿಡುವ ಮೊದಲು ಅದೇ ಅರ್ಧ ಸಾಲು ಬರೆದುಬಿಡುತ್ತದೆ! ಪ್ರವೇಶ ನೋಂದಣಿಯ ಪುಟಕ್ಕೆ ಹೊಸ ವೆಬ್ ವಿಳಾಸ ಹಾಕಬೇಕಿತ್ತು. ಡಾಕ್ಟರ್ ಅದನ್ನು ಅರಬಿ ಸಂದೇಶದ ನಡುವೆ ಫೋನಿನಲ್ಲಿ ಕಳಿಸಿದರು, ನಾನು ಎತ್ತಿ ಸರ್ವರಿನ ಕಡತದಲ್ಲಿ ಅಂಟಿಸಿ, ಉಳಿಸಿ, ಎಲ್ಲರ ಮುಂದೆ ಸರ್ವರ್ ಶುರು ಮಾಡಿದೆ.

ಶುರುವಾಗಲಿಲ್ಲ.

ಮತ್ತೆ ಮಾಡಿದೆ. ಇಲ್ಲ. ನೋಂದಣಿ ತೆರೆಯುವುದು ಹನ್ನೆರಡಕ್ಕೆ, ಆಗಲೇ ಹನ್ನೊಂದೂಕಾಲು. ಸಾಲು ನೋಡಿದರೆ ಮದುಮಗಳ ಹಾಗೆ ಸಿಂಗರಿಸಿಕೊಂಡು ಕೂತಿದೆ, ಒಂದು ತಪ್ಪಿಲ್ಲ. ಡಾಕ್ಟರ್ ನನ್ನ ಹಿಂದೆ ನಿಂತು ಉಸಿರು ಬಿಡುತ್ತಿದ್ದರು, ಅದರಲ್ಲಿ ಪೂರ್ತಿ ಬೆಳ್ಳುಳ್ಳಿ.

"ಸರಿ ಮಗಳೇ, ಸ್ವಲ್ಪ ಜರುಗು," ಅಂದರು ಅಬ್ಲಾ.

ತಮ್ಮ ಕರಿ ಪರದೆಯಲ್ಲಿ ಅದೇ ಕಡತ ತೆರೆದರು. ವಿಳಾಸದ ಬಾಲಕ್ಕೆ ಮೊಳೆ ಹೊಡೆದ ಹಾಗೆ ಕಂಡಿತು: <200f>.

"ಇವ್ನು ಯಾರು?" ಅಂದೆ.

"ನಿಮ್ಮ ಡಾಕ್ಟರ ಫೋನಿಂದ ಬಂದ ನೆಂಟ. ಅರಬಿ ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ. ಎರಡೂ ಡಿಕ್ಕಿ ಹೊಡೀಬಾರ್ದು ಅಂತ ಫೋನು ಈ ಗುರುತು ತುರುಕುತ್ತೆ. ಕಣ್ಣಿಗೆ ಕಾಣಲ್ಲ. ಸರ್ವರ್‌ಗೆ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು."

"ನನ್ನ ಎಡಿಟರ್ ತೋರಿಸ್ಲೇ ಇಲ್ವಲ್ಲ."

"ಅದಕ್ಕೆ ಸಂಸ್ಕಾರ ಇದೆ, ಕೊಳಕು ತೋರಿಸಲ್ಲ. ನಂದಕ್ಕೆ ನಾಚಿಕೆ ಇಲ್ಲ."

ಒಂದೇ ಕೀಲಿ ಒತ್ತಿದರು, ನೆಂಟ ಹೊರಟ. ಹನ್ನೊಂದು ಮೂವತ್ತೆರಡಕ್ಕೆ ಸರ್ವರ್ ಎದ್ದಿತು.

ಡಾಕ್ಟರ್ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಎಲ್ಲರೂ ವಿಮ್ ಬಳಸ್ಬೇಕು ಅಂತ ಆದೇಶ ಬರೀಲಾ?"

"ಬೇಡಪ್ಪಾ. ಪ್ರೋಗ್ರಾಂ ಬರೆಯೋಕೆ ಈ ಹುಡುಗೀದು ಚೆನ್ನಾಗೇ ಇದೆ, ಬೇಕಾದ್ದು ಬಳಸ್ಲಿ. ಸರ್ವರ್ ಮುಟ್ಟೋರು ಮಾತ್ರ ಇದನ್ನ ಕಲೀಲಿ. ಕಲಿಸೋಳು ಉಗ್ರಾಣದಲ್ಲಿ ಇದ್ರೆ ಹೇಗೆ?"

ಡಾಕ್ಟರ್ ವರ್ಗಾವಣೆಯ ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ತೀರಾ ಮೆಲ್ಲಗೆ, "ನಾನೂ ಕಲೀಬಹುದಾ?" ಅಂದರು.

"ಭಾನುವಾರ ಬನ್ನಿ. ಮೊದಲ ವರ್ಷದವರ ಜೊತೆ, ಹಿಂದಿನ ಬೆಂಚು," ಅಂದ ಅಬ್ಲಾ ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ."