ಶೈಲಾಳ ನೇರಳೆ ಕೋಶಗಳು

ಪಿಎಚ್ ಮೀಟರಿನ ಮುಳ್ಳು ಏಳರ ಮೇಲೆ ನಿಂತಿತ್ತು. ದೀಪ ಹಚ್ಚಿ ಹತ್ತು ನಿಮಿಷವಾದರೂ ಕದಲಲಿಲ್ಲ. ಅದು ಕದಲದಂತೆ ಮಾಡಿದವಳು ನಾನು — ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಶೈಲಾ ಕಾನಸೂರಿನವಳು; ಶಿರಸಿಯಲ್ಲಿ ಬಿಎಸ್‌ಸಿ ಓದುವಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಕೊನೆಯ ವರ್ಷ ಧಾರವಾಡದಿಂದ ವಿಜ್ಞಾನಿಯೊಬ್ಬರು ಬರುವವರಿದ್ದರು. ನಮ್ಮಿಬ್ಬರ ಪ್ರಯೋಗ ನೋಡಿ ಒಬ್ಬಳನ್ನು ತಮ್ಮ ಪ್ರಯೋಗಾಲಯಕ್ಕೆ ಕರೆದುಕೊಳ್ಳುತ್ತಾರೆಂದು ಮಾತಾಗಿತ್ತು. ನಾನು ಎಲೆಯ ಬಣ್ಣಗಳನ್ನು ಕಾಗದದ ಪಟ್ಟಿಯ ಮೇಲೆ ಬೇರ್ಪಡಿಸಿದೆ — ಎಲ್ಲರೂ ಮಾಡುವಂಥದ್ದು. ಅವಳು ಕುಮಟೆಯ ಕಡೆ ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಉಪ್ಪಿನಾಗರದಿಂದ ಬಾಟಲಿ ತುಂಬ ಕೆಂಪು ನೀರು ತಂದು, ಅದರಿಂದ ನೇರಳೆ ಬಣ್ಣದ ಸೂಕ್ಷ್ಮಜೀವಿಗಳನ್ನು ಬೆಳೆಸಿದಳು.

ಆ ಜೀವಿಗಳ ಪೊರೆಯಲ್ಲಿ ಒಂದು ಪ್ರೋಟೀನ್ ಇದೆ. ಬೆಳಕು ತಾಗಿದಾಗ ಅದರೊಳಗಿನ ಪುಟ್ಟ ಬಣ್ಣದ ಅಣು ಬಾಗುತ್ತದೆ, ಒಂದು ಪ್ರೋಟಾನ್ ಪೊರೆ ದಾಟಿ ಹೊರಬೀಳುತ್ತದೆ. ಮತ್ತೆ ಬೆಳಕು, ಮತ್ತೊಂದು ಪ್ರೋಟಾನ್. ಹೊರಗೆ ಕೂಡಿದವು ಮರಳಿ ಒಳನುಗ್ಗುವ ರಭಸದಲ್ಲಿ ಕೋಶ ತನ್ನ ಶಕ್ತಿ ತಯಾರಿಸಿಕೊಳ್ಳುತ್ತದೆ. ಹೊರಗೆ ಪ್ರೋಟಾನ್ ಹೆಚ್ಚಿದಷ್ಟೂ ನೀರು ಹುಳಿಯಾಗಿ ಮುಳ್ಳು ಇಳಿಯಬೇಕು.

"ಬೆಳಕು ಬಿಟ್ರೆ ನೀರು ಹುಳಿ ಆಗ್ತು ಮಾರಾಯ್ತಿ, ಹೆಪ್ಪು ಹಾಕದೂ ಬ್ಯಾಡ," ಎಂದು ಅವಳು ನಗುತ್ತಿದ್ದಳು. ನಮ್ಮ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದ ಸರ್ ಕೂಡ ನಗುತ್ತಿದ್ದರು. ನನ್ನ ಪಟ್ಟಿಗಳನ್ನು ನೋಡಿ "ನೀಟಾಗಿದೆ" ಎಂದಿದ್ದರು, ಅಷ್ಟೇ. ಆ ಒಂದು ಮಾತನ್ನು ನಾನು ಎಷ್ಟು ದಿನ ಜಗಿದೆನೋ —

ವಿಜ್ಞಾನಿ ಬರುವ ಹಿಂದಿನ ಮಧ್ಯಾಹ್ನ ಅವಳು ಕೋಶಗಳನ್ನು ತೊಳೆಯಲು ಕುಳಿತಳು. ಏನನ್ನೇ ಆಗಲಿ ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ತೊಳೆಯುವುದು ನಮಗೆ ಮೊದಲ ವರ್ಷದಿಂದ ಕೈಗೆ ಹತ್ತಿದ ಅಭ್ಯಾಸ. ಸರ್ ಅವಳಿಗೆ ಕೊಟ್ಟ ವಿಧಾನದ ಹಾಳೆ, ನಕಲು ಬರೆದುಕೊಡುತ್ತೇನೆಂದು ಒಯ್ದಿದ್ದು, ನನ್ನ ಬಳಿಯೇ ಇತ್ತು. ಗಾಢ ಉಪ್ಪುನೀರಿನಲ್ಲೇ ತೊಳೆಯಬೇಕು, ಡಿಸ್ಟಿಲ್ಡ್ ವಾಟರಿನಂಥ ಉಪ್ಪಿಲ್ಲದ ನೀರಿನಲ್ಲಿ ಈ ಕೋಶಗಳು ಒಡೆದುಹೋಗುತ್ತವೆ ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದ್ದೆ.

"ಯಾವಾಗಿನ ಹಾಂಗೆ ಡಿಸ್ಟಿಲ್ಡ್ ವಾಟರಲ್ಲೇ ತೊಳೆದ್ರೆ ಅಡ್ಡಿ ಇಲ್ಯನೆ?" ಎಂದು ಕೇಳಿದಳು.

"ಅಡ್ಡಿ ಇಲ್ಲೆ, ತೊಳಿ," ಎಂದೆ.

ಟ್ಯೂಬಿನ ಮಸುಕು ತಿಳಿಯಾಯಿತು. "ಎಷ್ಟು ಚೊಲೋ ಆತು ನೋಡು," ಎಂದು ನನಗೇ ತೋರಿಸಿದಳು. ನೇರಳೆ ಬಣ್ಣ ಹಾಗೇ ಇತ್ತು. ಪ್ರೋಟೀನೂ ಇತ್ತು. ಆದರೆ ಪೊರೆ ಹರಿದ ಮೇಲೆ ಒಳಗೆ, ಹೊರಗೆ ಎಂಬುದೇ ಉಳಿದಿರಲಿಲ್ಲ.

ಮರುದಿನ ವಿಜ್ಞಾನಿಯ ಎದುರು ಅವಳ ಮೀಟರಿನ ಮುಳ್ಳು ಕದಲಲಿಲ್ಲ. ಧಾರವಾಡಕ್ಕೆ ನಾನು ಹೋದೆ. ಇಂದಿಗೂ ಅಲ್ಲೇ ಕೆಲಸ. ಶೈಲಾ ಬಿಎಡ್ ಮುಗಿಸಿ ಯಲ್ಲಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಳೆದ ವಾರ ಮಕ್ಕಳಿಗೆ ಉಪನ್ಯಾಸ ಕೊಡಲು ನನ್ನನ್ನು ಕರೆಸಿದವಳು ಅವಳೇ.

"ಇವರ ಪ್ರಯೋಗ ಸರಿ ಬಂತು. ನಂದು ಗಡಿಬಿಡಿಯಲ್ಲಿ ಹಾಳಾಯ್ತು," ಎಂದು ಪರಿಚಯಿಸಿದಳು.

"ಅದಕ್ಕೇ ಅಕ್ಕೋರೇ, ನಮಗೆ ದಿನಾ ಗಡಿಬಿಡಿ ಮಾಡಬೇಡಿ ಹೇಳೂದಾ?" ಎಂದಳೊಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಶೈಲಾ. ಆ ಮಕ್ಕಳು ಅವಳನ್ನು ನೋಡುವ ರೀತಿ ಕಂಡು ನನಗೆ — ಬರೆಯಲು ನಾಚಿಕೆ — ಮತ್ತೆ ಹೊಟ್ಟೆ ಉರಿಯಿತು. ಅವಳ ಪಾಲಿನದನ್ನು ತೆಗೆದುಕೊಂಡೂ ನನಗೆ ಸಾಲದು.

ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಲಿಲ್ಲ. ಶಾಲೆಯ ಗಂಟೆ ಹೊಡೆಯುವ ಮೊದಲು ಸ್ಟಾಫ್ ರೂಮಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹಾಜರಿ ಪುಸ್ತಕ ಮುಚ್ಚಿದಳು.

"ಎಂತಕ್ಕೆ?"

"ಹೊಟ್ಟೆಕಿಚ್ಚು."

ಅವಳು ಎದ್ದು ತರಗತಿಗೆ ನಡೆದಳು. ನಾನು ಹಿಂದೆಯೇ ಹೋಗಿ, ಅವಳ ಒಪ್ಪಿಗೆ ಪಡೆದು, ಕಪ್ಪುಹಲಗೆಯ ಮುಂದೆ ನಿಂತೆ. ನಿಮ್ಮ ಅಕ್ಕೋರು ಗಡಿಬಿಡಿ ಮಾಡಿರಲಿಲ್ಲ ಎಂದು ಶುರುಮಾಡಿದೆ. ಶೈಲಾ ಕೊನೆಯ ಬೆಂಚಿನಲ್ಲಿ, ಮಕ್ಕಳ ನಡುವೆ ಕುಳಿತು ಕೇಳುತ್ತಿದ್ದಳು.