ಬಾಗಿಲಲ್ಲಿ ನಿಂತು ಕೇಳಿದವರು

ಮೊನ್ನೆ ಕೊನೆ ಬೀದಿಯ ಅಕ್ಕ ಬಂದು ಮೊಮ್ಮಗಳ ಮದುವೆ ಪತ್ರಿಕೆ ಕೊಟ್ಟು ಹೋದರು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರು. ಅರಿಶಿನದ ವಾಸನೆ, ಹೊಸ ರಟ್ಟಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದವು. ಮುಹೂರ್ತ ಯಾವಾಗ ಎಂದು ಓದುವ ಮೊದಲೇ ನನ್ನ ಕೈ ಪತ್ರಿಕೆಯನ್ನು ಮಗುಚಿ ನೋಡಿತು. ಹಿಂಬದಿ ಖಾಲಿ ಇದೆಯೇ ಎಂದು ನೋಡುವ ಈ ಚಾಳಿ ನನಗೆ ಬಂದದ್ದು ಇಂಜಿನಿಯರಮ್ಮನಿಂದ.

ಆಗ ನಾನು ನೀರುಗಂಟಿ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಕಡೆ ನಮ್ಮೂರು. ಸುತ್ತಲಿನ ಕೆಲವು ಹಳ್ಳಿಗಳಿಗೆಲ್ಲ ಸೇರಿ ಒಂದೇ ಕುಡಿಯುವ ನೀರಿನ ವ್ಯವಸ್ಥೆ ಇತ್ತು. ತಗ್ಗಿನಲ್ಲಿ ಪಂಪ್‌ಹೌಸು, ದಿಬ್ಬದ ಮೇಲೆ ಟ್ಯಾಂಕು, ಅಲ್ಲಿಂದ ಊರೂರಿಗೆ ಇಳಿಯುವ ಪೈಪು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಸದಾ ನನ್ನ ಹೆಗಲ ಮೇಲೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನಿಗೆ ಅದಕ್ಕಿಂತ ದೊಡ್ಡ ಅಧಿಕಾರ ಯಾವುದಿದ್ದೀತು. ನಾನು ಬೀದಿಯಲ್ಲಿ ನಡೆದರೆ ಹೆಂಗಸರು ಜಗುಲಿಯಿಂದ ಎದ್ದು ಮಾತಾಡಿಸುತ್ತಿದ್ದರು.

ಎರಡು ಸಾವಿರದ ಇಸವಿ ಇನ್ನೂ ಬಂದಿರಲಿಲ್ಲ. ಪಂಪು, ವಾಲ್ವುಗಳನ್ನೆಲ್ಲ ಕಂಪ್ಯೂಟರ್ ತಾನೇ ನಡೆಸುವ ಹಾಗೆ ಮಾಡಲು ಒಬ್ಬ ಇಂಜಿನಿಯರ್ ಹೆಣ್ಣುಮಗಳು ಬರುತ್ತಾರೆ ಎಂದರು. ಬಂದವರ ಕೈಯಲ್ಲಿ ಕಂಪ್ಯೂಟರ್ ಇರಲಿಲ್ಲ, ಒಂದು ಚೀಲದ ತುಂಬ ಹಳೆಯ ಮದುವೆ ಪತ್ರಿಕೆಗಳಿದ್ದವು. ಒಂದೊಂದನ್ನೂ ಅರ್ಧಕ್ಕೆ ಕತ್ತರಿಸಿ, ಖಾಲಿ ಬದಿಯಲ್ಲಿ ಪಂಪು, ಟ್ಯಾಂಕು, ವಾಲ್ವು ಎಂದು ಬರೆದಿದ್ದರು. ಹೆಸರಿನ ಕೆಳಗೆ ಮೂರು ಸಾಲು: ನನಗೆ ಏನು ಗೊತ್ತು, ನಾನು ಏನು ಮಾಡುತ್ತೇನೆ, ಯಾರನ್ನು ಕೇಳುತ್ತೇನೆ.

ಪಂಪ್‌ಹೌಸಿನ ಮುಂದಿನ ಹೊಂಗೆ ಮರದ ಕೆಳಗೆ ನೀರಿನ ಕೆಲಸದ ನಮ್ಮನ್ನೆಲ್ಲ ಕೂರಿಸಿ ಕೈಗೊಂದು ಕಾರ್ಡು ಕೊಟ್ಟರು. "ಇವತ್ತು ನೀವು ಮನುಷ್ಯರಲ್ಲ ಕಣ್ರೀ, ಒಂದೊಂದು ಆಬ್ಜೆಕ್ಟು. ಅಂದ್ರೆ ಒಂದೊಂದು ವಸ್ತು."

"ನನ್ ಹೆಂಡ್ತಿ ಇದನ್ನ ಯಾವತ್ತೋ ಹೇಳವ್ಳೆ ಬಿಡಿ ಮೇಡಂ," ಎಂದ ಪಂಪ್ ಆಪರೇಟರ್. ಅವರು ನಕ್ಕ ರೀತಿಗೆ ನಮ್ಮ ಅರ್ಧ ಹೆದರಿಕೆ ಹೋಯಿತು.

ಮೊದಲೆಲ್ಲ ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಮನ್ನು ಒಂದೇ ಉದ್ದದ ಹಗ್ಗದ ಹಾಗೆ ಹೊಸೆಯುತ್ತಿದ್ದರಂತೆ. ಒಂದು ಕಡೆ ಎಳೆ ಬಿಚ್ಚಿದರೆ ಇಡೀ ಹಗ್ಗ ಸಡಿಲ. ಇಷ್ಟು ಹಳ್ಳಿ, ಇಷ್ಟು ಪೈಪು ಇರುವಲ್ಲಿ ಆ ದಾರಿ ನಡೆಯುವುದಿಲ್ಲ ಎಂದರು. ಈ ಹೊಸ ಕ್ರಮದಲ್ಲಿ ಪ್ರತಿಯೊಂದಕ್ಕೂ ತನ್ನ ಕೆಲಸ ತನಗೆ ಗೊತ್ತಿರುತ್ತದೆ. ಟ್ಯಾಂಕಿನ ಒಳಗೆ ಪಂಪು ಇಣುಕುವ ಹಾಗಿಲ್ಲ. ತುಂಬಿದೆಯಾ ಎಂದು ಕೇಳಬೇಕು, ಟ್ಯಾಂಕು ಹೇಳಿದ್ದನ್ನು ನಂಬಬೇಕು.

"ಪಕ್ಕದ ಮನೆಗೆ ಹೆಪ್ಪು ಕೇಳೋಕೆ ಹೋಗ್ತೀರಲ್ಲ, ಬಾಗಿಲಲ್ಲಿ ನಿಂತು ಕೇಳ್ತೀರೋ, ಒಳಗೆ ನುಗ್ಗಿ ಅವರ ಗಡಿಗೆ ಮುಚ್ಚಳ ತೆಗೀತೀರೋ? ಇದೂ ಅಷ್ಟೆ."

ಮಕ್ಕಳ ಆಟದ ಹಾಗೆ ಅದನ್ನು ಆಡಿದೆವು. ಟ್ಯಾಂಕಾಗಿ ಕೂತವನು "ತುಂಬ್ದೆ" ಎನ್ನುವನು, ಪಂಪಾದವನು "ನಿಲ್ಲುಸ್ದೆ" ಎನ್ನುವನು. ನಾನು ವಾಲ್ವು. ತಪ್ಪಿದಾಗೆಲ್ಲ ಅವರು ಕಾರ್ಡು ತಿದ್ದುತ್ತಿದ್ದರು. ನಾಳೆ ಹೊಸ ವಾಲ್ವು ಬಂದರೂ ಹೊಸ ಹಳ್ಳಿ ಸೇರಿದರೂ ಒಂದು ಕಾರ್ಡು ಹೆಚ್ಚುತ್ತದೆ ಅಷ್ಟೆ, ಉಳಿದವರನ್ನು ಅಲುಗಾಡಿಸಬೇಕಿಲ್ಲ ಎನ್ನುತ್ತಿದ್ದರು. "ಏನೇ ಇದ್ರೂ ಹೇಳ್ಬಿಡಿ ಅಣ್ಣ. ಕಾರ್ಡು ಬರೆದ್ರೆ ಆಯ್ತು. ಬರೀದೆ ಉಳಿದದ್ದೇ ನಮ್ಮನ್ನ ಕೆಡವೋದು."

ಅಂದೇ ಹೇಳಬಹುದಿತ್ತು...

ನಕ್ಷೆಯಲ್ಲಿಲ್ಲದ ಒಂದು ವಾಲ್ವು ಇತ್ತು. ಕೊನೆ ಬೀದಿ ಎತ್ತರದಲ್ಲಿತ್ತು, ಅಲ್ಲಿನ ನಲ್ಲಿಗಳಲ್ಲಿ ನೀರು ನೂಲಿನ ಹಾಗೆ ಬರುತ್ತಿತ್ತು. ಅದನ್ನು ನೋಡಲಾರದೆ ನಾನೇ, ಯಾರಿಗೂ ಹೇಳದೆ, ಟ್ಯಾಂಕಿಗೆ ಏರುವ ಪೈಪಿನಿಂದ ಆ ಬೀದಿಗೆ ಒಂದು ಕವಲು ಎಳೆದು, ಅದಕ್ಕೊಂದು ಸಣ್ಣ ವಾಲ್ವು ಹಾಕಿಸಿ ಮೇಲೆ ಚಪ್ಪಡಿ ಮುಚ್ಚಿದ್ದೆ. ಟ್ಯಾಂಕಿಗೆ ನೀರು ಏರುವಾಗ ಅದನ್ನು ಸ್ವಲ್ಪ ತಿರುಗಿಸಿದರೆ ಆ ಬೀದಿಗೂ ನೀರು. ಹೇಳಿದರೆ ಮುಚ್ಚಿಸಿಬಿಡುತ್ತಾರೆ ಎಂಬ ಭಯ ಇದ್ದದ್ದು ನಿಜ. ಆದರೆ ಆ ಬೀದಿಯವರು ನನ್ನನ್ನು ಕೂರಿಸಿ ಕಾಫಿ ಕೊಟ್ಟು "ನಮ್ಮ ನೀರಣ್ಣ" ಎನ್ನುವ ಸುಖವನ್ನು ಒಂದು ಕಾರ್ಡಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದೂ ಅಷ್ಟೇ ನಿಜ.

ಕಾರ್ಡಿನಲ್ಲಿದ್ದದ್ದೆಲ್ಲ ಕಂಪ್ಯೂಟರಿಗೆ ಸೇರಿ, ಪಂಪ್‌ಹೌಸಿಗೆ ಅದರ ಪ್ಯಾನಲ್ಲು ಬಂತು. ಪರೀಕ್ಷೆಯ ದಿನ ಚಪ್ಪಡಿ ಕೆಳಗಿನ ವಾಲ್ವನ್ನು ಮುಚ್ಚಲೆಂದು ಬೆಳಗ್ಗೆಯೇ ಹೋದೆ. ಕೊನೆ ಬೀದಿಯ ಅಕ್ಕ ತಡೆದರು. ಅವರ ಮಗಳ ಕೂಸಿಗೆ ಅವತ್ತು ನಾಮಕರಣ. "ಇವತ್ತೊಂದಿನ ಬಿಡಣ್ಣ, ಮನೆ ತುಂಬ ನೆಂಟ್ರು ಬಂದವ್ರೆ." ಅಷ್ಟರಿಂದ ಏನಾದೀತು ಎಂದುಕೊಂಡು ಹಾಗೇ ಬಿಟ್ಟು ಬಂದೆ.

ಪರೀಕ್ಷೆ ನೋಡಲು ಇಲಾಖೆಯ ಮೇಲಿನವರು ಜೀಪಿನಲ್ಲಿ ಬಂದಿದ್ದರು. ಇಂಜಿನಿಯರಮ್ಮ ಗುಂಡಿ ಒತ್ತಿದರು, ಪಂಪು ಶುರುವಾಯಿತು. ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ಮತ್ತೆ ಒತ್ತಿದರು, ಮತ್ತೆ ನಿಂತಿತು. ನೀರು ಏರಿಸುತ್ತಿದ್ದರೂ ಟ್ಯಾಂಕು ತಕ್ಕಷ್ಟು ತುಂಬುತ್ತಿಲ್ಲ ಎಂದರೆ ಪೈಪು ಒಡೆದಿದೆ ಎಂದೇ ತಿಳಿದು ನಿಲ್ಲಬೇಕು, ಅವರು ಕಂಪ್ಯೂಟರಿಗೆ ಹಾಗೆ ಕಲಿಸಿದ್ದರು. ಅದು ಕಲಿತದ್ದನ್ನೇ ಮಾಡುತ್ತಿತ್ತು.

"ಏನಮ್ಮ, ಮದ್ವೆ ಕಾರ್ಡಲ್ಲಿ ನೀರು ಬರುತ್ತಾ?" ಎಂದರು ಜೀಪಿನಲ್ಲಿ ಬಂದವರಲ್ಲಿ ಒಬ್ಬರು. ಉಳಿದವರು ನಕ್ಕರು.

ಇಂಜಿನಿಯರಮ್ಮ ಪೈಪಿನುದ್ದಕ್ಕೂ ನಡೆದು ನೋಡಬಹುದಿತ್ತು. ಚಪ್ಪಡಿ ಕಲ್ಲು ಕಣ್ಣಿಗೆ ಬೀಳುತ್ತಿತ್ತು. ಅವರು ನೇರ ನನ್ನ ಬಳಿ ಬಂದು ಕೇಳಿದರು.

"ಅಣ್ಣ, ನಿಮ್ಮ ಕಡೆಯಿಂದ ನೀರು ಬೇರೆಲ್ಲಾದ್ರೂ ಹೋಗ್ತಿದ್ಯಾ?"

"ಇಲ್ಲ ಮೇಡಂ. ನನ್ ವಾಲ್ವ್ ಮುಚ್ಚೇ ಐತೆ."

ಕಾರ್ಡಿನಲ್ಲಿದ್ದ ವಾಲ್ವು ಮುಚ್ಚಿತ್ತು, ಅದು ಸುಳ್ಳಲ್ಲ. ಅವರು ನನ್ನ ಮುಖ ನೋಡಿ ತಲೆಯಾಡಿಸಿ ಹೋದರು. ಮರದ ಕೆಳಗೆ ಕೂತು ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡು ತಮ್ಮ ತಪ್ಪನ್ನೇ ಹುಡುಕತೊಡಗಿದರು. ಜೀಪು ಹೊರಟುಹೋದ ಮೇಲೂ ಹುಡುಕುತ್ತಿದ್ದರು. ದಿಬ್ಬದಾಚೆಯಿಂದ ನಾಮಕರಣದ ಮನೆಯ ಮೈಕು ಕೇಳಿಸುತ್ತಿತ್ತು...

ಕೆಲಸ ಅಲ್ಲಿಗೇ ನಿಂತಿತು. ಪ್ಯಾನಲ್ಲಿಗೆ ಗೋಣಿಚೀಲ ಹೊದಿಸಿದರು. ಅವರನ್ನು ಯಾವುದೋ ಆಫೀಸಿನಲ್ಲಿ ಬಿಲ್ಲು ನೋಡುವ ಮೇಜಿಗೆ ಹಾಕಿದರೆಂದು ಕೇಳಿದೆ. ಕೀ ನನ್ನ ಹೆಗಲ ಮೇಲೆಯೇ ಉಳಿಯಿತು.

ಕೆಲವು ವರ್ಷದ ಮೇಲೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತು ಹಿಡಿದರು. ಕೂದಲು ನರೆತಿತ್ತು. ಮಕ್ಕಳು ಮರಿ, ಪಂಪ್ ಆಪರೇಟರು, ಅವನ ಹೆಂಡತಿ, ಎಲ್ಲರನ್ನೂ ವಿಚಾರಿಸಿದರು. ಆಮೇಲೆ, "ಆ ಟ್ಯಾಂಕ್ ಯಾಕೆ ತುಂಬಲಿಲ್ಲ ಅಂತ ನಂಗೆ ಇವತ್ತಿಗೂ ಗೊತ್ತಾಗಲಿಲ್ಲ ಅಣ್ಣ. ಎಲ್ಲಿ ತಪ್ಪಿದೆ ಅಂತ ಈಗ್ಲೂ ಒಂದೊಂದ್ಸಲ ಕೂತು ಯೋಚಿಸ್ತೀನಿ," ಎಂದರು.

ಬಾಯಿಯವರೆಗೆ ಬಂದಿತ್ತು. ಅವರು ಮತ್ತೆ ಬಾಗಿಲಲ್ಲಿ ನಿಂತು ಕೇಳಿದ್ದರು, ನಾನು ಕೊಡಬೇಕಾಗಿತ್ತು ಅಷ್ಟೆ.

"ಬಸ್ ಬಂತು ಮೇಡಂ, ಬತ್ತೀನಿ," ಎಂದೆ. ಬಂದ ಬಸ್ಸು ನಮ್ಮೂರಿನದಲ್ಲ. ಆದರೂ ಹತ್ತಿ ಕೂತೆ.

ಅವರು ತೀರಿಕೊಂಡ ಸುದ್ದಿಯನ್ನು ಪಂಪ್ ಆಪರೇಟರೇ ತಂದ, ಅದಾಗಿಯೂ ಬಹಳ ಕಾಲವಾಯಿತು. ಈಗ ಕೊನೆ ಬೀದಿಗೆ ಅದರದೇ ಕೊಳವೆಬಾವಿ ಇದೆ. ಆ ಚಪ್ಪಡಿಯ ಮೇಲೆ ಯಾರೋ ಬಟ್ಟೆ ಒಗೆಯುತ್ತಾರೆ. ಅಂದು ಹೆಸರಿಟ್ಟ ಕೂಸಿಗೇ ಈಗ ಮದುವೆ.

ಪತ್ರಿಕೆಯ ಹಿಂಬದಿ ಖಾಲಿ ಇತ್ತು. ಅವರ ಹಾಗೆಯೇ ಅರ್ಧಕ್ಕೆ ಕತ್ತರಿಸಿ 'ಚಪ್ಪಡಿ ಕೆಳಗಿನ ವಾಲ್ವು' ಎಂದು ಬರೆದೆ. ಅದಕ್ಕೆ ಏನು ಗೊತ್ತು, ಅದು ಏನು ಮಾಡುತ್ತದೆ ಎಂಬುದನ್ನು ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರಿದ್ದಿದ್ದರೆ ಇಷ್ಟು ಓದಿ, "ಇಷ್ಟೇನಾ ಅಣ್ಣ," ಎಂದು ಉಳಿದ ಕಾರ್ಡುಗಳ ಜೊತೆ ಸೇರಿಸಿ ರಬ್ಬರ್‌ಬ್ಯಾಂಡ್ ಹಾಕಿಬಿಡುತ್ತಿದ್ದರು.

ಮೂರನೆಯ ಸಾಲು, ಯಾರನ್ನು ಕೇಳುತ್ತೇನೆ ಎಂಬುದು, ಹಾಗೇ ಖಾಲಿ ಇದೆ.